ವರ್ಷಗಟ್ಟಲೆ ಬಾರದ ಆಲ್ಬಂ: ಕಾಯುವವರು ಮಾಡಬೇಕಾದ ಕೆಲಸ

ಹಾಸನಾಂಬೆಯ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಹಾಸನದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ತಿಥಿ ಗೊತ್ತಿರುವುದರಿಂದ ವರ್ಷವಿಡೀ ಕಾದರೂ ಬೇಸರವಾಗುವುದಿಲ್ಲ. ಹಳೆಯ ರಾಕ್ ಬ್ಯಾಂಡಿನ ಹೊಸ ಆಲ್ಬಂಗೆ ಅಂಥ ತಿಥಿಯೇ ಇಲ್ಲ. ಗನ್ಸ್ ಎನ್ ರೋಸಸ್ 1993ರ ನವೆಂಬರ್ 23ರಂದು ಒಂದು ಆಲ್ಬಂ ಕೊಟ್ಟರು. ಮುಂದಿನದು ಬಂದದ್ದು 2008ರ ನವೆಂಬರ್ 23ಕ್ಕೆ. ಟೂಲ್ 13 ವರ್ಷ ಕಾಯಿಸಿದರು, ದಿ ಕ್ಯೂರ್ 16 ವರ್ಷ. ರೋಲಿಂಗ್ ಸ್ಟೋನ್ಸ್ ತಮ್ಮದೇ ಹೊಸ ಹಾಡುಗಳ ಆಲ್ಬಂ ಕೊಡಲು 2005ರಿಂದ 2023ರವರೆಗೆ ತೆಗೆದುಕೊಂಡರು. ನಮ್ಮ ಮುಂಬೈನ ಇಂಡಸ್ ಕ್ರೀಡ್ 1995ರ ನಂತರ ಮತ್ತೆ ಆಲ್ಬಂ ತಂದದ್ದು 2012ರಲ್ಲಿ.

ಕಾದವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ದೊಡ್ಡ ಪಾಲು ಆಲ್ಬಂ ತಡವಾಗಿದ್ದಕ್ಕಲ್ಲ, ಸಂದರ್ಶನದಲ್ಲಿ ಬಂದ ಮಾತನ್ನು ಕೆಲಸ ಎಂದು ಎಣಿಸಿದ್ದಕ್ಕೆ ಹುಟ್ಟುತ್ತದೆ. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದರೂ ಯಾರೂ ಅವತ್ತೇ ಮೂಟೆ ಲೆಕ್ಕ ಹಾಕುವುದಿಲ್ಲ. ಹೂವಾದ ಮೇಲೆ ಬೀಳುವ ಬ್ಯಾಕಿಂಗ್ ಮಳೆ ಬರಬೇಕು, ಕಾಯಿ ಕಚ್ಚಬೇಕು, ಆಷಾಢದ ಮಳೆಗೆ ಉದುರದೆ ನಿಲ್ಲಬೇಕು. ಆಲ್ಬಂ ಯಾವ ಹಂತದಲ್ಲಿದೆ ಎಂಬುದನ್ನೂ ಹಾಗೇ ನೋಡಲು ಕಲಿಯಬೇಕು.

ಮಾತಲ್ಲ, ಹಂತ

ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಅಂಕಣ ಎಳೆಯಿರಿ: ದಿನಾಂಕ, ಹೇಳಿದವರು, ಬಳಸಿದ ಕ್ರಿಯಾಪದ, ಹಂತ. ಮೂರನೆಯ ಅಂಕಣವೇ ಮುಖ್ಯ. "ಐಡಿಯಾಗಳಿವೆ", "ಬರೆಯುತ್ತಿದ್ದೇವೆ", "ಸ್ಟುಡಿಯೋದಲ್ಲಿದ್ದೇವೆ" ಎಂಬ ಮೂರನ್ನೂ ಸೊನ್ನೆ ಎಂದು ಬರೆಯಿರಿ. "ಡ್ರಮ್ಸ್ ಮುಗಿಯಿತು" ಎಂದರೆ ಒಂದು. ಸಾಮಾನ್ಯವಾಗಿ ಡ್ರಮ್ಸ್ ಮೊದಲು ರೆಕಾರ್ಡ್ ಆಗುತ್ತದೆ, ಆಮೇಲೆ ಬೇಸ್, ಗಿಟಾರ್, ಎಲ್ಲಕ್ಕಿಂತ ಕೊನೆಗೆ ಹಾಡುಗಾರಿಕೆ. ಹಾಗಾಗಿ ಡ್ರಮ್ಮರ್ "ಮುಗಿಯಿತು" ಎಂದರೆ ಅವರ ಪಾಲಿನ ಕೆಲಸ ಮುಗಿದಿದೆ, ಅಷ್ಟೇ. ಹಳೆಯ ಬ್ಯಾಂಡುಗಳ ಗಾಡಿ ಹೆಚ್ಚಾಗಿ ನಿಲ್ಲುವುದು ಸಾಹಿತ್ಯ ಮತ್ತು ಹಾಡುಗಾರಿಕೆಯ ಹತ್ತಿರ. ಆದ್ದರಿಂದ "ಹಾಡಿ ಮುಗಿಸಿದ್ದೇನೆ" ಎಂದು ಗಾಯಕರೇ ಹೇಳಿದ ದಿನ ನೋಟ್‌ಬುಕ್‌ನಲ್ಲಿ ಎರಡು ಬರೆಯಿರಿ. ಮಿಕ್ಸಿಂಗ್ (ಬೇರೆ ಬೇರೆ ರೆಕಾರ್ಡ್ ಆದ ಸದ್ದುಗಳನ್ನು ಹದವಾಗಿ ಬೆರೆಸುವುದು) ನಡೆಯುತ್ತಿದ್ದರೆ ಮೂರು, ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಇಡೀ ಆಲ್ಬಂನ ಸದ್ದಿಗೆ ಕೊನೆಯ ಹದ ಕೊಡುವುದು) ಆದರೆ ನಾಲ್ಕು. ಆಲ್ಬಂ ಹೊರತರುವ ಕಂಪನಿಯ ಕಡೆಯಿಂದ ದಿನಾಂಕ, ಹಾಡುಗಳ ಪಟ್ಟಿ, ಮುಖಪುಟ ಮೂರೂ ಒಟ್ಟಿಗೆ ಬಂದರೆ ಐದು.

ದಿನಾಂಕ ಒಂಟಿಯಾಗಿ ಬಂದರೆ ಅದಕ್ಕೆ ಐದು ಕೊಡಬೇಡಿ. 2006ರ ಡಿಸೆಂಬರ್‌ನಲ್ಲಿ ಗನ್ಸ್ ಎನ್ ರೋಸಸ್‌ನ ಗಾಯಕ ಆಕ್ಸಲ್ ರೋಸ್ ಅಭಿಮಾನಿಗಳಿಗೆ ಬರೆದ ಬಹಿರಂಗ ಪತ್ರದಲ್ಲಿ 2007ರ ಮಾರ್ಚ್ 6 ಎಂಬ ತಾತ್ಕಾಲಿಕ ದಿನಾಂಕವಿತ್ತು. ಆಲ್ಬಂ ಬಂದದ್ದು ಅದಾಗಿ ಒಂದೂವರೆ ವರ್ಷ ಕಳೆದ ಮೇಲೆ. ಟೂಲ್ ವಿಷಯದಲ್ಲಿ ನೋಟ್‌ಬುಕ್ ಬೇರೆಯೇ ಕಾಣುತ್ತಿತ್ತು. 2019ರ ಮೇ 7ರ ಕಾರ್ಯಕ್ರಮದಲ್ಲಿ ಪರದೆಯ ಮೇಲೆ ಆಗಸ್ಟ್ 30 ಎಂದು ತೋರಿಸಿದರು. ವರ್ಷಗಟ್ಟಲೆ ಸ್ಟ್ರೀಮಿಂಗ್‌ಗೆ ಕೊಡದೆ ಇಟ್ಟುಕೊಂಡಿದ್ದ ಹಳೆಯ ಆಲ್ಬಂಗಳನ್ನೆಲ್ಲ ಆಗಸ್ಟ್ 2ಕ್ಕೆ ಬಿಟ್ಟರು, 7ಕ್ಕೆ ಮೊದಲ ಹಾಡು ಬಂತು, 30ಕ್ಕೆ ಆಲ್ಬಂ. ಹಳೆಯ ಸರಕನ್ನು ಒರೆಸಿ ಅಂಗಡಿಯಲ್ಲಿ ಜೋಡಿಸಲು ಶುರು ಮಾಡಿದರೆ ಹೊಸ ಸರಕು ಹತ್ತಿರದಲ್ಲಿದೆ ಎಂದೇ ಅರ್ಥ. ಇದು ಬಹಳ ನಂಬಬಹುದಾದ ಗುರುತು.

ವೇದಿಕೆಯ ಮೇಲೆ ಹೊಸ ಹಾಡು ಕೇಳಿಸುವುದು ಒಳ್ಳೆಯ ಸೂಚನೆಯೇ, ಆದರೆ ನಿಧಾನದ ಸೂಚನೆ. ದಿ ಕ್ಯೂರ್ 2022ರ ಅಕ್ಟೋಬರ್‌ನಿಂದ ಹೊಸ ಹಾಡುಗಳನ್ನು ನುಡಿಸುತ್ತಿದ್ದರು, ಆಲ್ಬಂ 2024ರ ನವೆಂಬರ್ 1ಕ್ಕೆ ಬಂತು. ಇನ್ನೊಂದು ಎಚ್ಚರ: ಹೊಸದಾಗಿ ಬಿಟ್ಟ ಹಾಡೆಲ್ಲ ಹೊಸದಾಗಿ ಬರೆದದ್ದಲ್ಲ. ಗನ್ಸ್ ಎನ್ ರೋಸಸ್ 2021ರಲ್ಲಿ ಬಿಟ್ಟ ಒಂದು ಹಾಡನ್ನು 2001ರಲ್ಲೇ ಬೇರೆ ಹೆಸರಿನಲ್ಲಿ ವೇದಿಕೆಯ ಮೇಲೆ ನುಡಿಸಿದ್ದರು. ಬಿಡಿ ಹಾಡು ಬಂತೆಂದರೆ ಅದಕ್ಕೆ ಸಂತೋಷಪಡಿ, ಆಲ್ಬಂ ಲೆಕ್ಕದಲ್ಲಿ ಸೇರಿಸಬೇಡಿ.

ನೋಟ್‌ಬುಕ್ ತೆಗೆಯುವುದು ತಿಂಗಳಿಗೊಂದು ಸಲ ಸಾಕು. ದಿನಾ ನೋಡಿದರೆ ಗಾಳಿಸುದ್ದಿಯೇ ಕೈಗೆ ಸಿಗುವುದು. ಬ್ಯಾಂಡಿನವರ ಖಾತೆಗೆ ಹೋಗಿ ಬೈಯುವುದರಿಂದ ಏನೂ ಆಗುವುದಿಲ್ಲ. ಅದನ್ನು ಓದುವವರು ಖಾತೆ ನೋಡಿಕೊಳ್ಳುವ ನೌಕರರು. ಸಿಟ್ಟು ಹೇಳಲೇಬೇಕಿದ್ದರೆ ಕಂಪನಿಯ ಗ್ರಾಹಕ ವಿಳಾಸಕ್ಕೆ ಒಂದೇ ಪತ್ರ ಹಾಕಿ: ಯಾವ ದಿನ ಏನು ಹೇಳಿದ್ದರು, ನೀವು ಎಷ್ಟು ಮುಂಗಡ ಕಟ್ಟಿದ್ದೀರಿ, ಏನು ಬೇಕು.

ಮಾಸ್ಟರಿಂಗ್ ಆದಮೇಲೂ ಏಕೆ ತಡ

ಬಹಳ ಜನ ಎಡವುವುದು ಇಲ್ಲಿ. "ಮುಗಿಯಿತಂತೆ, ಆರು ತಿಂಗಳಾದರೂ ಕೊಡುತ್ತಿಲ್ಲ" ಎಂದು ಬೈಯುವಾಗ ಎಲ್‌ಪಿ, ಅಂದರೆ ವಿನೈಲ್ ಗಾನತಟ್ಟೆ, ಎಲ್ಲೋ ಸರದಿಯಲ್ಲಿ ನಿಂತಿರುತ್ತದೆ. ಎಲ್‌ಪಿ ಮಾಡಲು ಮೊದಲು ಅಲ್ಯೂಮಿನಿಯಂ ತಟ್ಟೆಗೆ ಬಳಿದ ಮೆತ್ತನೆಯ ಲ್ಯಾಕರ್ ಮೇಲೆ ಗೀರು ಕೊರೆಯಬೇಕು. ಅದಕ್ಕೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ದ್ರಾವಣದಲ್ಲಿ ಮುಳುಗಿಸಿ ಲೋಹದ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಇನ್ನೊಂದು, ಅದರಿಂದ ಒತ್ತುವ ಸ್ಟ್ಯಾಂಪರ್. ಒಂದು ಸ್ಟ್ಯಾಂಪರ್ ಸುಮಾರು ಸಾವಿರ ತಟ್ಟೆ ಒತ್ತಿದ ಮೇಲೆ ಬದಲಾಗುತ್ತದೆ. ನಡುವೆ ಪರೀಕ್ಷೆಗೆಂದು ಒತ್ತಿದ ಕೆಲವು ಪ್ರತಿಗಳು ಬ್ಯಾಂಡಿಗೆ ಹೋಗುತ್ತವೆ; ಕರಕರ ಸದ್ದಿದ್ದರೆ, ಬದಿಯ ಕೊನೆಯ ಹಾಡು ಮಂಕಾಗಿದ್ದರೆ ಮೊದಲಿನಿಂದ ಶುರು. ಒಂದು ಬದಿಗೆ 18ರಿಂದ 22 ನಿಮಿಷ ಹಿಡಿಸಿದರೆ ಸದ್ದು ಚೆನ್ನಾಗಿರುತ್ತದೆ, ಅದಕ್ಕಿಂತ ಹೆಚ್ಚು ತುರುಕಿದರೆ ಗೀರು ಸಣ್ಣದಾಗಿ ಸದ್ದು ತೆಳುವಾಗುತ್ತದೆ. ಹಾಗಾಗಿಯೇ ಉದ್ದದ ಆಲ್ಬಂಗಳಿಗೆ ಎರಡು-ಮೂರು ತಟ್ಟೆ ಬೇಕು, ಅಷ್ಟೂ ಸಮಯ ಬೇಕು.

2020ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ ಲ್ಯಾಕರ್ ತಟ್ಟೆ ಮಾಡುವವರಲ್ಲಿ ಮುಖ್ಯವಾಗಿ ಉಳಿದದ್ದು ಜಪಾನಿನ ಒಂದು ಕಂಪನಿ. ಮೇಲೆ ಕೋವಿಡ್ ಬಂತು. ಎಲ್‌ಪಿಗೆ ತಿಂಗಳುಗಟ್ಟಲೆ ಸರದಿ ಹುಟ್ಟಿದ್ದು ಹೀಗೆ. ಸಿಡಿಗೆ ಕೆಲವು ವಾರ ಸಾಕು, ಡಿಜಿಟಲ್‌ಗೆ ಅದೂ ಬೇಡ. ಟೂಲ್ ಆಲ್ಬಂ ಡಿಜಿಟಲ್ ಆಗಿ 2019ರಲ್ಲೇ ಬಂದರೂ ಎಲ್‌ಪಿ ಬಂದದ್ದು 2022ರಲ್ಲಿ. ಕಾಯುತ್ತಿರುವುದು ಹಾಡಿಗೋ ತಟ್ಟೆಗೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಎರಡಕ್ಕೂ ಬೇರೆ ಬೇರೆ ಪುಟ ಇಡಿ.

ಮುಂಗಡ ಕಟ್ಟುವುದು

ನೋಟ್‌ಬುಕ್ ಐದು ತೋರಿಸುವವರೆಗೆ ಒಂದು ರೂಪಾಯಿಯೂ ಕಟ್ಟಬೇಡಿ. ಹೊರದೇಶದಿಂದ ನೇರವಾಗಿ ತರಿಸುವುದಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಚಾಲೂ ಮಾಡಿ, ಬೇಕಾದಷ್ಟೇ ಮಿತಿ ಇಟ್ಟು, ಕೆಲಸವಾದ ಮೇಲೆ ಮುಚ್ಚಿ. ಕಸ್ಟಮ್ಸ್ ಸುಂಕವನ್ನು ತಟ್ಟೆಯ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಜೊತೆಗೆ ಐಜಿಎಸ್‌ಟಿ ಎಂಬ ತೆರಿಗೆ. ಒಂದು ಎಲ್‌ಪಿ ಪ್ಯಾಕಿಂಗ್ ಸೇರಿ ಅರ್ಧ ಕೆಜಿ ದಾಟುವುದರಿಂದ ಸಾಗಣೆಯೇ ತಟ್ಟೆಯಷ್ಟು ಬೀಳಬಹುದು. ಊರಿನ ಮೂರು-ನಾಲ್ಕು ಜನ ಸೇರಿ ಒಂದೇ ಪಾರ್ಸೆಲ್ ತರಿಸಿದರೆ ತಲೆಗೆ ಬೀಳುವ ಸಾಗಣೆ ಇಳಿಯುತ್ತದೆ. ಕೊರಿಯರ್‌ನವರು ಗುರುತಿನ ಚೀಟಿ ಕೇಳಿ ಕಳಿಸುವ ಸಂದೇಶಕ್ಕೆ ಅವತ್ತೇ ಉತ್ತರಿಸಿ. ಪಾರ್ಸೆಲ್ ವಾರಗಟ್ಟಲೆ ಕೂರುವುದು ಹೆಚ್ಚಾಗಿ ಇದಕ್ಕೇ.

ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಮನೆಗಳಿಗೆ ಕೊರಿಯರ್ ಬರುವುದು ಖಾತ್ರಿಯಿಲ್ಲ. ಪೇಟೆಯ ಪರಿಚಯದ ಅಂಗಡಿ ಅಥವಾ ನೆಂಟರ ಮನೆಯ ವಿಳಾಸ ಕೊಡಿ. ಜೂನ್‌ನಿಂದ ಆಗಸ್ಟ್‌ವರೆಗೆ ತರಿಸುವುದಾದರೆ ಒಳಗೊಂದು ಪ್ಲಾಸ್ಟಿಕ್ ಸುತ್ತು ಹಾಕಲು ಮೊದಲೇ ಬರೆಯಿರಿ. ಒದ್ದೆಯಾದ ರಟ್ಟು ಒಳಗಿನ ಕವರಿಗೆ ಅಂಟಿದರೆ ಬಿಡಿಸಲಾಗುವುದಿಲ್ಲ.

ಕಾಯುವ ಹೊತ್ತಿನಲ್ಲಿ: ಹಳೆಯ ಕ್ಯಾಸೆಟ್ ಉಳಿಸಿ

ಹೊಸದಕ್ಕೆ ಕಾಯುತ್ತ ಕೂತವರ ಅಟ್ಟದಲ್ಲಿ ಅದೇ ಬ್ಯಾಂಡಿನ ಹಳೆಯ ಕ್ಯಾಸೆಟ್‌ಗಳು ಬೂಷ್ಟು ಹಿಡಿಯುತ್ತಿರುತ್ತವೆ. ಕಾಯುವ ಸಿಟ್ಟಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಹೊಸ ಆಲ್ಬಂ ಬಂದಾಗ ಅದನ್ನು ನೆನಪಿನ ಜೊತೆ ಹೋಲಿಸದೆ, ಅವರು ನಿಜವಾಗಿ ನುಡಿಸಿದ್ದರ ಜೊತೆ ಹೋಲಿಸಬಹುದು.

ಮಳೆಗಾಲ ಮುಗಿದು ಒಣ ಹವೆ ಬಂದ ಮೇಲೆ, ನವೆಂಬರ್‌ನಿಂದ ಶುರು ಮಾಡಿ. ಕ್ಯಾಸೆಟ್‌ನ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ: ಸುತ್ತಿದ ಟೇಪಿನ ಅಂಚು ಕಂದು ಬಣ್ಣದಲ್ಲಿ ನುಣುಪಾಗಿ ಹೊಳೆಯಬೇಕು. ಬಿಳಿ ಪುಡಿ ಅಥವಾ ಜೇಡರ ಎಳೆಯಂಥದ್ದು ಕಂಡರೆ ಬೂಷ್ಟು. ಅದನ್ನು ಒಳ್ಳೆಯ ಡೆಕ್‌ಗೆ (ಕ್ಯಾಸೆಟ್ ನುಡಿಸುವ ಯಂತ್ರಕ್ಕೆ) ಹಾಕಲೇಬೇಡಿ, ಮುಂದೆ ಹಾಕುವ ಪ್ರತಿ ಕ್ಯಾಸೆಟ್‌ಗೂ ಹರಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹತ್ತು ಕ್ಯಾಸೆಟ್‌ಗೆ 50 ಗ್ರಾಂ ಸಿಲಿಕಾ ಜೆಲ್ ಇಟ್ಟು ಎರಡು ವಾರ ಬಿಡಿ. ಬಿಸಿಲಿಗೆ ಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಬೇಡ, ಚಿಪ್ಪು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಕೂತು, ಬಿಸಾಡಬಹುದಾದ ಹಳೆಯ ಟೇಪ್ ರೆಕಾರ್ಡರಿನಲ್ಲಿ ಓಡಿಸುತ್ತ ಎಳೆ ಬಿಡದ ಒಣ ಬಟ್ಟೆಯನ್ನು ಟೇಪಿಗೆ ಮೆಲ್ಲಗೆ ತಾಗಿಸಿ. ಟೇಪಿಗೆ ಸ್ಪಿರಿಟ್ ಹಚ್ಚಬೇಡಿ.

ಚಿಪ್ಪಿಗೆ ಐದು ಸ್ಕ್ರೂ ಇದ್ದರೆ ಬಿಚ್ಚಬಹುದು. ಮಧ್ಯದಲ್ಲಿ ಸಣ್ಣ ಲೋಹದ ಪಟ್ಟಿಗೆ ಅಂಟಿಸಿದ ಹತ್ತಿಯಂಥ ತುಂಡಿರುತ್ತದೆ. ಟೇಪನ್ನು ಹೆಡ್‌ಗೆ, ಅಂದರೆ ಡೆಕ್‌ನಲ್ಲಿ ಟೇಪಿನಿಂದ ಸದ್ದನ್ನು ಓದುವ ಭಾಗಕ್ಕೆ, ಒತ್ತುವುದು ಅದೇ. ಅದು ಉದುರಿದ್ದರೆ ಗಿಟಾರ್ ದೂರದಲ್ಲೆಲ್ಲೋ ಕಂಬಳಿ ಹೊದ್ದು ನುಡಿಸಿದಂತೆ ಕೇಳುತ್ತದೆ. ಖಾಲಿ ಕ್ಯಾಸೆಟ್ ಒಂದರ ಚಿಪ್ಪಿಗೆ ಎರಡೂ ಉರುಳೆಗಳನ್ನು ದಾಟಿಸಿದರೆ ಸರಿಹೋಗುತ್ತದೆ. ನುಡಿಸುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಬಿಗಿದು ಕೂತ ಸುತ್ತು ಸಡಿಲವಾಗುತ್ತದೆ.

ಡೆಕ್‌ನ ಹೆಡ್ ಮತ್ತು ಉಕ್ಕಿನ ಕಡ್ಡಿಯನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿ. ರಬ್ಬರ್ ಉರುಳೆಗೆ ಮಾತ್ರ ಸ್ವಲ್ಪ ಸೋಪು ಬೆರೆಸಿದ ನೀರು. ಆಲ್ಕೋಹಾಲ್ ಹಳೆಯ ರಬ್ಬರನ್ನು ಬಿರುಕು ಬಿಡಿಸುತ್ತದೆ. ಹಾಡು ಎಳೆದೆಳೆದು ಬಂದರೆ ಬೆಲ್ಟ್ ಸಡಿಲ. ಬೆಲ್ಟ್ ಓಡುವ ದಾರಿಯಲ್ಲಿ ನೂಲು ಸುತ್ತಿ ಅಳೆದು, ಅದಕ್ಕಿಂತ ಶೇ. 5ರಷ್ಟು ಕಡಿಮೆ ಸುತ್ತಳತೆಯ ಬೆಲ್ಟ್ ಹಾಕಿ.

ಹೆಡ್‌ನ ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಪುಟ್ಟ ಸ್ಕ್ರೂ ಇರುತ್ತದೆ. ಹೆಡ್‌ನ ಓರೆಯನ್ನು ನಿಗದಿ ಮಾಡುವುದು ಅದು, ಮತ್ತು ಪ್ರತಿ ಕ್ಯಾಸೆಟ್‌ಗೂ ಅದು ಕೊಂಚ ಬೇರೆ. ಮೊದಲಿದ್ದ ಜಾಗಕ್ಕೆ ಮಾರ್ಕರ್‌ನಲ್ಲಿ ಚುಕ್ಕಿ ಇಡಿ. ಸಿಂಬಲ್ (ಡ್ರಮ್ಸ್ ಜೊತೆಗಿನ ಕಂಚಿನ ತಾಳ) ಚೆನ್ನಾಗಿ ಕೇಳುವ ಹಾಡು ಹಾಕಿ, ಎಡ-ಬಲ ಎರಡೂ ಕಡೆಯ ಸದ್ದನ್ನು ಒಂದಾಗಿ ಬೆರೆಸಿ ಮೋನೊ ಮಾಡಿ, ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೂ ಮೀರದಂತೆ ಅತ್ತಿತ್ತ ತಿರುಗಿಸಿ. ಮಸುಕಾಗಿ ಹಿಸ್ ಎನ್ನುತ್ತಿದ್ದ ಸಿಂಬಲ್ ಒಂದು ಜಾಗದಲ್ಲಿ ಥಟ್ಟನೆ ತೆರೆದುಕೊಂಡು ಕಂಚಿನ ಅಂಚು ಕೇಳಿಸುತ್ತದೆ. ಅಲ್ಲಿ ನಿಲ್ಲಿಸಿ.

ಲ್ಯಾಪ್‌ಟಾಪಿನ ಒಂಟಿ ತೂತಿಗೆ ವೈರ್ ಚುಚ್ಚಬೇಡಿ, ಅದು ಮೈಕ್‌ಗೆ ಮಾಡಿದ್ದು. ಸದ್ದು ಒಡೆಯುತ್ತದೆ, ಸ್ಟೀರಿಯೊ ಹೋಗುತ್ತದೆ. ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ 44,100 ಹರ್ಟ್ಸ್, 24 ಬಿಟ್ ಇಟ್ಟು, ಅತಿ ಜೋರಿನ ಜಾಗ -6 ಡೆಸಿಬಲ್ ದಾಟದಂತೆ ನೋಡಿಕೊಂಡು ಒಂದು ಬದಿಯನ್ನು ಒಂದೇ ಬಾರಿಗೆ ರೆಕಾರ್ಡ್ ಮಾಡಿ. ಒಂದು ಗಂಟೆಗೆ ಸುಮಾರು 950 ಎಂಬಿ ಆಗುತ್ತದೆ. ಹಿಸ್ ತೆಗೆಯುವ ಫಿಲ್ಟರ್ ಜೋರಾಗಿ ಹಾಕಿದರೆ ಸಿಂಬಲ್ ನೀರಿನೊಳಗೆ ಬಡಿದಂತಾಗುತ್ತದೆ, ಆದ್ದರಿಂದ ಮೂಲ ಫೈಲನ್ನು ಮುಟ್ಟದೆ ಒಂದು ಪ್ರತಿ ಇಡಿ.

ಬಂದೇಬಿಟ್ಟಾಗ

2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಆಲ್ಬಂಗಳ ದಿನ ಶುಕ್ರವಾರ. ಸಾಮಾನ್ಯವಾಗಿ ಆಯಾ ದೇಶದ ಮಧ್ಯರಾತ್ರಿಗೆ ತೆರೆಯುವುದರಿಂದ ಗುರುವಾರ ರಾತ್ರಿ 12ಕ್ಕೆ ನಮಗೆ ಸಿಗುತ್ತದೆ, ಲಂಡನ್‌ಗಿಂತ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮೊದಲು. ನ್ಯೂಯಾರ್ಕ್ ಮಧ್ಯರಾತ್ರಿಗೆ ಬಿಡುವುದಾಗಿ ಹೇಳಿದ್ದರೆ ಮಾತ್ರ ಬೆಳಿಗ್ಗೆ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಘಟ್ಟದ ನೆಟ್‌ವರ್ಕ್ ನಂಬಿ ಸ್ಟ್ರೀಮ್ ಮಾಡಬೇಡಿ. ಇಡೀ ಆಲ್ಬಂ ಡೌನ್‌ಲೋಡ್ ಆಗಲು ಬಿಟ್ಟು, ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕರೆಂಟ್ ಹೋಗುವ ರಾತ್ರಿಯಾದರೆ ಆ್ಯಂಪ್ಲಿಫೈಯರ್‌ಗೆ ಸೈನ್ ವೇವ್ ಇನ್ವರ್ಟರ್ ಇರಲಿ, ಸ್ಕ್ವೇರ್ ವೇವ್ ಆದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಅಂಥ ಮನೆಯಲ್ಲಿ ಅವತ್ತಿನ ಮಟ್ಟಿಗೆ ಹೆಡ್‌ಫೋನ್ ಹಾಕಿಕೊಂಡು, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಅವರು ಜೋಡಿಸಿದ ಕ್ರಮದಲ್ಲೇ ಕೇಳಿ.