ಔಷಧಿ ಹೊಡೆಯುವವರಿಗೆ ವಿಟಮಿನ್ ಮಾತ್ರೆ ಸಾಕಾ?

ಮೆಣಸಿನಕಾಯಿ, ಹತ್ತಿ, ದ್ರಾಕ್ಷಿ ಬೆಳೆಯುವ ಕಡೆ ಸೀಸನ್ ಬಂತೆಂದರೆ ಪಂಪು ಬೆನ್ನಿಗೇರಿತು ಅಂತಲೇ ಲೆಕ್ಕ. ಮದುವೆಯಾಗಿ ಎರಡು ಮೂರು ವರ್ಷವಾದರೂ ಮಕ್ಕಳಾಗದಿದ್ದರೆ ಮನೆಯವರು ಹೆಂಡತಿಯನ್ನೇ ಮೊದಲು ಡಾಕ್ಟರ್ ಹತ್ತಿರ ಕರೆದೊಯ್ಯುತ್ತಾರೆ, ಗಂಡನ ಸರದಿ ಬರುವುದು ಕೊನೆಗೆ. ಅವನು ಹೊಡೆಯುವ ಕೀಟನಾಶಕ ವೀರ್ಯಾಣುವನ್ನು ಕೆಡಿಸಬಹುದು ಎಂಬುದು ಯಾರ ತಲೆಗೂ ಬರುವುದಿಲ್ಲ. ಇನ್ನು ಕೆಲವರು ಸುಮ್ನೆ ವಿಟಮಿನ್ ಸಿ, ಇ ಮಾತ್ರೆ ತಂದು ನುಂಗಿ, ಇನ್ನೇನೂ ಆಗಲ್ಲ ಎಂದು ಧೈರ್ಯವಾಗಿರುತ್ತಾರೆ. ಅದು ಅರ್ಧ ನಿಜ.

ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೈಯೊಳಗೆ ಹೋದರೆ ಆಕ್ಸಿಡೇಶನ್, ಅಂದರೆ ಜೀವಕೋಶಗಳನ್ನು ಕೆಡಿಸುವ ರಾಸಾಯನಿಕ ಕ್ರಿಯೆ, ಜಾಸ್ತಿಯಾಗುತ್ತದೆ. ವೀರ್ಯಾಣುವಿನ ಹೊರಪದರದಲ್ಲಿ ಕೊಬ್ಬಿನಂಶ ಹೆಚ್ಚು, ಹಾಗಾಗಿ ಅದು ಬೇಗ ಕೆಡುತ್ತದೆ. ವಿಟಮಿನ್ ಇ ಆ ಕೊಬ್ಬಿನೊಳಗೇ ಇದ್ದು ತಡೆಯುತ್ತದೆ. ವಿಟಮಿನ್ ಸಿ ಅಂತೂ ರಕ್ತಕ್ಕಿಂತ ವೀರ್ಯದ ದ್ರವದಲ್ಲೇ ಹಲವು ಪಟ್ಟು ಜಾಸ್ತಿ ಇರುತ್ತದೆ. ಇಲಿಗಳಿಗೆ ಕೀಟನಾಶಕದ ಜೊತೆ ಇವನ್ನು ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಹಾನಿ ಕಡಿಮೆಯಾಗಿದ್ದೂ ಹೌದು. ಆದರೆ ಮಾತ್ರೆ ಈ ಕೆಲಸದಲ್ಲಿ ಮೊದಲ ಹೆಜ್ಜೆ ಅಲ್ಲ.

ಮೊದಲು ಪಂಪು ನೋಡಿ. ಮುಚ್ಚಳದ ವಾಷರ್ ಸವೆದಿದ್ದರೆ ಬಗ್ಗಿದಾಗಲೆಲ್ಲ ಔಷಧಿ ಜಿನುಗಿ, ಬೆನ್ನು ಒದ್ದೆಯಾಗಿ, ಸೊಂಟದಿಂದ ಇಳಿದು ಚಡ್ಡಿಗೆ ಬರುತ್ತದೆ. ಬೆವರು ಅಂದುಕೊಂಡು ಮಧ್ಯಾಹ್ನದವರೆಗೂ ಹಾಗೇ ಹೊಡೆಯುತ್ತಾರೆ. ಪ್ಯಾರಾಥಿಯಾನ್ ಎಂಬ ಕೀಟನಾಶಕ ಇಟ್ಟು ಪರೀಕ್ಷಿಸಿದಾಗ ವೃಷಣದ ಚರ್ಮ ಮುಂಗೈ ಚರ್ಮಕ್ಕಿಂತ 10 ಪಟ್ಟಿಗೂ ಜಾಸ್ತಿ ಹೀರಿಕೊಂಡಿತ್ತು. ವಿಷ ಅಲ್ಲಿಂದಲೇ ಒಳಗೆ ಹೋಗುತ್ತಿರುವಾಗ ಮಾತ್ರೆ ಏನು ಮಾಡೀತು ಹೇಳಿ! ವಾಷರ್ ಬದಲಿಸಿ. ಬೆನ್ನಿಗೂ ಸೊಂಟಕ್ಕೂ ಪ್ಲಾಸ್ಟಿಕ್ ಹಾಳೆಯಾದರೂ ಕಟ್ಟಿಕೊಳ್ಳಿ, ಲುಂಗಿ ಬೇಡ, ಉದ್ದ ಪ್ಯಾಂಟು ಹಾಕಿ. ಔಷಧಿ ಬೆರೆಸುವಾಗ ರಬ್ಬರ್ ಕೈಗವಸು ಬೇಕೇ ಬೇಕು, ಯಾಕೆಂದರೆ ಡಬ್ಬಿಯಲ್ಲಿರುವುದು ನೀರು ಸೇರದ ಗಟ್ಟಿ ವಿಷ. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಹೊಡೆಯಿರಿ. ನಡುವೆ ಬೀಡಿ, ಎಲೆಅಡಿಕೆ ಎಲ್ಲ ಬಂದ್. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ, ಬಟ್ಟೆ ಬೇರೆ ಒಗೆಯಬೇಕು. ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ.

ಆಮೇಲೆ ಊಟ. ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ವಿಟಮಿನ್ ಸಿ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ. ಹಿತ್ತಲಿನ ಒಂದು ಸೀಬೆಹಣ್ಣಿನಲ್ಲೇ ಅದಕ್ಕಿಂತ ಜಾಸ್ತಿ ಸಿಗುತ್ತದೆ. ನೆಲ್ಲಿಕಾಯಿಯನ್ನು ಉಪ್ಪು ಖಾರ ಹಚ್ಚಿ ಹಸಿಯಾಗೇ ತಿನ್ನಿ. ಸಾರಿಗೆ ನಿಂಬೆಹಣ್ಣು ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ, ಕುದಿಸಿದರೆ ಸಿ ನಷ್ಟ. ಇ ವಿಟಮಿನ್‌ಗೆ ಶೇಂಗಾ ಚಟ್ನಿಪುಡಿ, ಸೂರ್ಯಕಾಂತಿ ಎಣ್ಣೆ, ಕೈಗೆಟುಕಿದರೆ ಬಾದಾಮಿ. ಔಷಧಿ ಹೊಡೆದ ಹಣ್ಣು, ತರಕಾರಿಯನ್ನು ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಕಳೆಯುವ ಮೊದಲು ಕೊಯ್ಯಬೇಡಿ, ಮನೆಗಂತೂ ತರಲೇಬೇಡಿ.

ಮಾತ್ರೆ ಬೇಕೇ ಬೇಕಾ? ಡಾಕ್ಟರ್ ಹೇಳಿದರೆ ಮಾತ್ರ. ಮಕ್ಕಳಾಗದ ಗಂಡಸರಿಗೆ ಸಿ, ಇ, ಸೆಲೆನಿಯಂ, ಜಿಂಕ್ ಎಲ್ಲ ಸೇರಿಸಿ ಕೊಟ್ಟ ಅಮೆರಿಕದ ಮಾಕ್ಸಿ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ವೀರ್ಯ ಸುಧಾರಿಸಲಿಲ್ಲ, ಗರ್ಭ ನಿಲ್ಲುವುದೂ ಹೆಚ್ಚಲಿಲ್ಲ. ಅವರು ಔಷಧಿ ಹೊಡೆಯುವ ರೈತರಲ್ಲ, ಸರಿ. ಆದರೂ ಇಲಿಗೆ ಆಗಿದ್ದೆಲ್ಲ ಮನುಷ್ಯನಿಗೂ ಆಗುತ್ತದೆ ಎನ್ನುವಂತಿಲ್ಲ, ಅಲ್ವಾ? ಇನ್ನೊಂದು ದೊಡ್ಡ ಪ್ರಯೋಗದಲ್ಲಿ ವರ್ಷಗಟ್ಟಲೆ ದಿನಾ 400 ಯೂನಿಟ್ ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಕಂಡುಬಂದಿತ್ತು. ಸಿ ಅತಿಯಾದರೆ ಕಿಡ್ನಿ ಕಲ್ಲಿನ ಭಯ.

ವೀರ್ಯ ಪರೀಕ್ಷೆಗೆ ನಾಚಿಕೆ ಬೇಡ. 1977ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಡಿಬಿಸಿಪಿ ಎಂಬ, ಮಣ್ಣಿನ ಜಂತುಹುಳ ಕೊಲ್ಲುವ ಔಷಧಿ ತಯಾರಿಸುತ್ತಿದ್ದ ಕೆಲಸಗಾರರು, ನಮ್ಮಲ್ಲಿ ಮಕ್ಕಳೇ ಆಗುತ್ತಿಲ್ಲವಲ್ಲ ಎಂದು ತಾವೇ ಮಾತಾಡಿಕೊಂಡಿದ್ದರಿಂದ ವಿಷಯ ಹೊರಬಿತ್ತು. ಪರೀಕ್ಷಿಸಿದರೆ ಹಲವರಲ್ಲಿ ವೀರ್ಯಾಣು ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಆ ಔಷಧಿಯಿಂದ ದೂರವಾದ ಮೇಲೆ ಕೆಲವರದು ಸುಧಾರಿಸಿತು, ಕೆಲವರದು ಕೊನೆಗೂ ಸರಿಹೋಗಲಿಲ್ಲ.

ವೀರ್ಯಾಣು ತಯಾರಾಗಿ ಹೊರಬರಲು ಹೆಚ್ಚುಕಡಿಮೆ ಮೂರು ತಿಂಗಳು ಬೇಕು. ಹಾಗಾಗಿ ಈಗ ಒಮ್ಮೆ ಪರೀಕ್ಷೆ ಮಾಡಿಸಿ, ಮೇಲೆ ಹೇಳಿದ್ದನ್ನೆಲ್ಲ ಪಾಲಿಸಿ, ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ಎರಡು ಸಲವೂ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಡಾಕ್ಟರ್ ಹತ್ತಿರ ಹೋಗುವಾಗ ನೀವು ಹೊಡೆಯುವ ಔಷಧಿಯ ಲೇಬಲ್ಲಿನ ಫೋಟೋ ಮೊಬೈಲಿನಲ್ಲಿರಲಿ, ಅವರು ಕೇಳದಿದ್ದರೂ ತೋರಿಸಿ.