ಲ್ಯಾಪ್‌ಟಾಪಿನಿಂದ ಕಾಲ್ ಹೋಗುತ್ತಿರಲಿಲ್ಲ, ಹೀಗೆ ಸರಿಯಾಯಿತು

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಮಹಡಿಯ ಕಿಟಕಿಯಲ್ಲಿ ಮಾತ್ರ. ಆಂಡ್ರಾಯ್ಡ್ ಫೋನನ್ನು ಅಲ್ಲೇ ಇಟ್ಟು, ಕೆಳಗೆ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿಗೆ ಫೋನನ್ನು ಜೋಡಿಸುವ ವಿಂಡೋಸ್ 11ರ ಆ್ಯಪ್ ಫೋನ್ ಲಿಂಕ್‌ನಲ್ಲಿ ಮಾತಾಡಬೇಕಿತ್ತು. ಮೆಸೇಜು, ಫೋಟೋ ಬರುತ್ತಿದ್ದವು. ಕಾಲ್ ಮಾತ್ರ ಹೋಗುತ್ತಿರಲಿಲ್ಲ.

ಆ್ಯಪ್ ತೆಗೆದು ಮತ್ತೆ ಹಾಕಿದೆ, ಎರಡನ್ನೂ ರೀಸ್ಟಾರ್ಟ್ ಮಾಡಿದೆ, ಸಿಮ್ಮನ್ನೂ ಬದಲಿಸಿದೆ. ಊಹೂಂ. ಮೆಸೇಜು ಇಂಟರ್ನೆಟ್ಟಿನಲ್ಲಿ ಬರುತ್ತದೆ, ಕಾಲ್‌ಗೆ ಬ್ಲೂಟೂತೇ ಬೇಕು. ಹುಡುಕಬೇಕಿದ್ದದ್ದು ಅಲ್ಲಿ.

ಮೊದಲು ಫೋನು, ಲ್ಯಾಪ್‌ಟಾಪ್ ಎರಡೂ ಕಡೆ ಹಳೆಯ ಬ್ಲೂಟೂತ್ ಪೇರಿಂಗ್ (ಜೋಡಣೆ) ಅಳಿಸಿ. ಒಂದೇ ಕಡೆ ಅಳಿಸಿದಾಗ ನನಗೆ ಆಗಲಿಲ್ಲ. ಫೋನ್ ಲಿಂಕ್‌ನ ಕಾಲ್ಸ್ ಟ್ಯಾಬಿನಿಂದಲೇ ಮತ್ತೆ ಜೋಡಿಸಿ, ಎರಡೂ ಪರದೆಯ ಪಿನ್ ಒಂದೇ ಇದೆಯೇ ನೋಡಿ. ಆಮೇಲೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಹೆಸರಿನ ಪಕ್ಕದ ಗಿಯರ್ ಒತ್ತಿ ‘ಫೋನ್ ಕಾಲ್ಸ್’ ಆನ್ ಮಾಡಿ. ನನ್ನದರಲ್ಲಿ ಆಫ್ ಆಗಿದ್ದದ್ದು ಇದೇ. ಮಹಡಿಗೂ ಜಗಲಿಗೂ ನಡುವಿನ ಮರದ ಮುಚ್ಚಿಗೆ ಬ್ಲೂಟೂತಿಗೆ ಅಡ್ಡಿಯಾಗಲಿಲ್ಲ. ನಡುವೆ ಚಿರೇಕಲ್ಲಿನ ಗೋಡೆ ಬಂದರೆ ಧ್ವನಿ ಕಡಿಯುತ್ತದೆ.