ಹವಳದ ಟ್ಯಾಂಕಿಗೆ ಕಾರ್ಬನ್ ಮತ್ತು ಜಿಎಫ್‌ಒ: ನನ್ನ ಅನುಭವ

ಬೆಂಗಳೂರಿನ ನಮ್ಮ ಮನೆಯಲ್ಲಿ ಸುಮಾರು 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿರುವುದು ಲೆದರ್, ಮಶ್ರೂಮ್ ಥರದ ಮೆದುಹವಳಗಳು. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ, ಹಾಗಾಗಿ ಅವುಗಳ ತಂಟೆಗೇ ಹೋಗಿಲ್ಲ.

ಮೆದುಹವಳ ಸಾಕುವವರಿಗೆ ಕಾರ್ಬನ್, ಅಂದರೆ ನೀರಿನ ಕಲ್ಮಶ ಹೀರುವ ಸಕ್ರಿಯ ಇದ್ದಿಲು, ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ಜಾಗಕ್ಕಾಗಿ ಪೈಪೋಟಿ ಬಿದ್ದಾಗ ಇವು ಟರ್ಪೀನ್ ಜಾತಿಯ ರಾಸಾಯನಿಕಗಳನ್ನು ನೀರಿಗೆ ಬಿಡುತ್ತವೆ. ಕಡಲಲ್ಲಾದರೆ ಅಲೆಗೆ ಕೊಚ್ಚಿಹೋಗುತ್ತದೆ. ಟ್ಯಾಂಕಿನಲ್ಲಿ ಅದು ಸುತ್ತುತ್ತಲೇ ಇದ್ದು ಪಕ್ಕದ ಹವಳ ಮುದುಡಿಕೊಳ್ಳುತ್ತದೆ. ಅದನ್ನು ಹೀರುವುದು ಕಾರ್ಬನ್. ನೀರನ್ನು ಹಳದಿ ಮಾಡುವ ಸಾವಯವ ವಸ್ತುಗಳನ್ನೂ ಅದೇ ಹಿಡಿಯುತ್ತದೆ. ಆದರೆ ನೈಟ್ರೇಟ್, ಫಾಸ್ಫೇಟ್ ಅದಕ್ಕೆ ಸಿಗುವುದಿಲ್ಲ. ಯಾವ ಮೀಡಿಯಾ (ನೀರು ಶುದ್ಧಿಗೆ ಬಳಸುವ ವಸ್ತು) ಏನನ್ನು ಹಿಡಿಯುತ್ತದೆ ಎಂದು ತಿಳಿದುಕೊಂಡೇ ದುಡ್ಡು ಹಾಕಬೇಕು. ಸಿಹಿನೀರಿನಲ್ಲಿ ಅಮೋನಿಯಾ ಹೀರುವ ಜಿಯೊಲೈಟ್ ಎಂಬ ಖನಿಜ ಕೂಡ ಉಪ್ಪುನೀರಿನಲ್ಲಿ ಆ ಕೆಲಸಕ್ಕೆ ಬಾರದು, ಸೋಡಿಯಂ ಬಂದು ಅದರ ಜಾಗವನ್ನೆಲ್ಲ ತುಂಬಿಬಿಡುತ್ತದೆ.

ನೀರು ಹಳದಿಯಾಗಿದೆಯೇ ಎಂದು ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡು ಬಿಳಿ ಬಕೆಟ್ ತೆಗೆದುಕೊಂಡು ಒಂದಕ್ಕೆ ಟ್ಯಾಂಕಿನ ನೀರು, ಇನ್ನೊಂದಕ್ಕೆ ಹೊಸದಾಗಿ ಕಲಸಿದ ಉಪ್ಪುನೀರು ತುಂಬಿ ಪಕ್ಕಪಕ್ಕ ಇಡುತ್ತೇನೆ. ವ್ಯತ್ಯಾಸ ಕಂಡರೆ ಕಾರ್ಬನ್ ಬದಲಿಸುವ ಹೊತ್ತು. ಒಮ್ಮೆಗೇ ಜಾಸ್ತಿ ಹಾಕುವುದಿಲ್ಲ. ಹಳದಿ ಥಟ್ಟನೆ ಹೋದರೆ ಬೆಳಕು ಏಕಾಏಕಿ ಒಳಗೆ ಇಳಿದು ಹವಳಕ್ಕೆ ಪೆಟ್ಟಾಗುತ್ತದೆ. ಸ್ವಲ್ಪವೇ ಹಾಕಿ ಬೇಗ ಬೇಗ ಬದಲಿಸುವುದು ನನ್ನ ಪದ್ಧತಿ.

ತೊಳೆಯುವ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಕಪ್ಪು ಪುಡಿ ಹೋಗಿ ನೀರು ತಿಳಿಯಾಗುವ ತನಕ ಆರ್‌ಒ ನೀರಿನಲ್ಲಿ ಜಾಲಾಡಿಸುತ್ತೇನೆ. ಸರ್ಜನ್ ಮೀನುಗಳ ತಲೆ ಮತ್ತು ಪಕ್ಕೆಯ ಗೆರೆಯ ಉದ್ದಕ್ಕೂ ಚರ್ಮ ಸವೆಯುವ ಕಾಯಿಲೆಗೂ ಲಿಗ್ನೈಟ್ (ಕಂದು ಕಲ್ಲಿದ್ದಲು) ಕಾರ್ಬನ್‌ಗೂ ನಂಟಿದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮೀನು ಸಾಕುವವರು ಪುಡಿಯನ್ನು ಹಗುರವಾಗಿ ಕಾಣಬಾರದು.

ಫಾಸ್ಫೇಟ್ ಹಿಡಿಯಲು ಜಿಎಫ್‌ಒ, ಅಂದರೆ ಕಬ್ಬಿಣದ ಆಕ್ಸೈಡಿನ ಕಾಳು. ಅಲ್ಯೂಮಿನಿಯಂ ಆಧಾರಿತ ಬಿಳಿ ಮೀಡಿಯಾ ನಾನು ಬಳಸುವುದಿಲ್ಲ, ಅದರಿಂದ ಅಲ್ಯೂಮಿನಿಯಂ ನೀರಿಗಿಳಿದರೆ ಲೆದರ್ ಹವಳ ಮುದುಡುತ್ತದೆ. ಮೊದಲು ಅಳತೆ, ಆಮೇಲೆ ಜಿಎಫ್‌ಒ. ಹಾನಾ ಕಂಪನಿಯ ಪುಟ್ಟ ಮೀಟರ್ ಫಾಸ್ಫರಸ್ ಅನ್ನು ಪಿಪಿಬಿಯಲ್ಲಿ (ನೂರು ಕೋಟಿಯಲ್ಲಿ ಒಂದು ಭಾಗ) ತೋರಿಸುತ್ತದೆ, ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂನಲ್ಲಿ (ಹತ್ತು ಲಕ್ಷದಲ್ಲಿ ಒಂದು ಭಾಗ) ಸಿಗುತ್ತದೆ. 20 ಬಂದರೆ 0.06 ಎಂದರ್ಥ. ನಾನು 0.03ರಿಂದ 0.1ರ ನಡುವೆ ಇಟ್ಟುಕೊಳ್ಳುತ್ತೇನೆ. ಸೊನ್ನೆಗೆ ಇಳಿಸಿದರೆ ಹವಳಕ್ಕೆ ಹೊಟ್ಟೆಗಿಲ್ಲದಂತಾಗುತ್ತದೆ, ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಲೋಳೆ ಹಬ್ಬಲು ದಾರಿಯಾಗುತ್ತದೆ.

ಮೂರು ನಾಲ್ಕು ಚಮಚ ಜಿಎಫ್‌ಒ ರಿಯಾಕ್ಟರ್‌ಗೆ, ಅಂದರೆ ಪಂಪಿನಿಂದ ನೀರು ಹಾಯುವ ಕೊಳವೆ ಡಬ್ಬಿಗೆ, ಹಾಕಿ, ಮೇಲಿನ ಕಾಳುಗಳಷ್ಟೇ ಮೆಲ್ಲಗೆ ಅಲುಗಾಡುವಷ್ಟು ನೀರು ಬಿಡುತ್ತೇನೆ. ನೀರು ಕಮ್ಮಿಯಾದರೆ ಕಾಳು ಗಡ್ಡೆಕಟ್ಟುತ್ತದೆ, ಜೋರಾದರೆ ಅರೆದು ಪುಡಿಯಾಗುತ್ತದೆ. ಬದಲಿಸಲು ಕ್ಯಾಲೆಂಡರ್ ನೋಡುವುದಿಲ್ಲ. ರಿಯಾಕ್ಟರಿನಿಂದ ಹೊರಬರುವ ನೀರನ್ನೂ ಟ್ಯಾಂಕಿನ ನೀರನ್ನೂ ಅಳೆಯುತ್ತೇನೆ. ಎರಡೂ ಒಂದೇ ಬಂದರೆ ಕಾಳಿನ ಶಕ್ತಿ ಮುಗಿದಿದೆ. ಇಳಿದ ಫಾಸ್ಫೇಟ್ ಮತ್ತೆ ಏರಿದರೆ ಗಾಬರಿ ಬೇಡ. ಕಲ್ಲು, ಮರಳಿನೊಳಗೆ ಕೂತಿದ್ದದ್ದು ನಿಧಾನವಾಗಿ ಬಿಟ್ಟುಕೊಳ್ಳುತ್ತಿರುತ್ತದೆ, ಇದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಕರೆಂಟ್ ಬಹಳ ಹೊತ್ತು ಹೋಗಿದ್ದರೆ ರಿಯಾಕ್ಟರಿನಲ್ಲಿ ನಿಂತ ನೀರನ್ನು ಬಕೆಟ್‌ಗೆ ಚೆಲ್ಲಿಯೇ ಮತ್ತೆ ಶುರು ಮಾಡುತ್ತೇನೆ, ಅದರಲ್ಲಿ ಆಮ್ಲಜನಕ ಉಳಿದಿರುವುದಿಲ್ಲ. ಮೀನಿಗೆ ಔಷಧಿ ಹಾಕುವಾಗ ಕಾರ್ಬನ್ ತೆಗೆದಿಡಬೇಕು, ಇಲ್ಲದಿದ್ದರೆ ಔಷಧಿಯನ್ನೂ ಹೀರಿಬಿಡುತ್ತದೆ.

ಇದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಉಪ್ಪು ಕಲಸುವ ನೀರು. ಬೋರ್‌ವೆಲ್ ನೀರಿನ ಸಿಲಿಕೇಟ್, ನೈಟ್ರೇಟ್ ಆರ್‌ಒ ದಾಟಿ ಒಂದಿಷ್ಟು ಬಂದೇ ಬರುತ್ತದೆ. ಅದಕ್ಕೆ ಆರ್‌ಒ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿಯುವ ಕಾಳು) ಹಾಕಿದ್ದೇನೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ಬಿಟ್ಟು ಮೇಲೇರಿದ ದಿನವೇ ರೆಸಿನ್ ಬದಲಿಸುತ್ತೇನೆ. ಸವೆದ ರೆಸಿನ್, ತಾನು ಹಿಡಿದಿಟ್ಟ ಸಿಲಿಕೇಟನ್ನೇ ಮೊದಲು ನೀರಿಗೆ ಬಿಡುತ್ತದೆ, ಗಾಜಿನ ಮೇಲೆ ಡಯಾಟಮ್ ಎಂಬ ಪಾಚಿಯ ಕಂದು ಪದರ ಕೂರುವುದಕ್ಕೆ ಅದೂ ಒಂದು ಕಾರಣ.